ಕೆಂಪು ನೆಲದ ಮನೆಗೆ ಯಾವ ಬಣ್ಣ? ಕ್ರೀಮ್, ಬೂದು, ಪಿಸ್ತಾ, ಸುಣ್ಣ ಹಚ್ಚಿ ನೋಡಿದ ಮೇಲೆ

ತುಮಕೂರಿನ ಹಳೇ ಮನೆಗಳಲ್ಲಿ ಇನ್ನೂ ಅಲ್ಲಲ್ಲಿ ರೆಡ್ ಆಕ್ಸೈಡ್ ನೆಲ ಉಳಿದಿದೆ. ನಮ್ಮದೂ ಅಂಥದ್ದೇ ಮನೆ. ವರ್ಷಗಟ್ಟಲೆ ಒರೆಸಿ ಒರೆಸಿ ನೆಲಕ್ಕೆ ಮುಖ ಕಾಣುವಷ್ಟು ಹೊಳಪು ಬಂದಿದೆ. ಪೇಂಟ್ ಮಾಡಿಸುವ ಮಾತು ಬಂದಾಗ, ಟೈಲ್ಸ್ ಬೇಡ, ನೆಲ ಹಾಗೇ ಇರಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ತಲೆನೋವು ಶುರುವಾಗಿದ್ದೇ ಅಲ್ಲಿಂದ. ಮೊಬೈಲಿನಲ್ಲಿ ಕಾಣುವ ಚೆಂದದ ಫೋಟೋಗಳಲ್ಲಿ ಮುಕ್ಕಾಲು ಪಾಲು ಬಿಳಿ ಟೈಲ್ಸಿನ ಮನೆಗಳು. ಕೆಂಪು ನೆಲದ ಪಕ್ಕ ಅವೇ ಬಣ್ಣಗಳು ಬೇರೆಯೇ ಆಗಿಬಿಡುತ್ತವೆ.

ಹಾಗಾಗಿ ಒಂದೇ ಬಣ್ಣಕ್ಕೆ ಕಟ್ಟುಬೀಳದೆ, ಕೋಣೆಗೊಂದು ಬಣ್ಣ, ಕೋಣೆಗೊಂದು ಜಾತಿಯ ಪೇಂಟ್ ಮಾಡಿಸಿದೆವು. ಮಳೆಗಾಲವೂ ಕಳೆದಿದೆ, ಬೇಸಿಗೆಯೂ ಕಳೆದಿದೆ. ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂದು ಈಗ ಧೈರ್ಯವಾಗಿ ಹೇಳಬಹುದು.

ಹಾಲ್‌ನಲ್ಲಿ, ಅಂದರೆ ನಡುಮನೆಯಲ್ಲಿ, ಪೈಪೋಟಿ ಇದ್ದದ್ದು ಕ್ರೀಮಿಗೂ ಬೂದು ಬಣ್ಣಕ್ಕೂ. ಬೂದು ನನ್ನ ತಂಗಿಯ ಆಯ್ಕೆ. ಬೆಂಗಳೂರಿನ ಅವಳ ಫ್ಲ್ಯಾಟಿನಲ್ಲಿ ಅದು ತುಂಬಾ ಚೆನ್ನಾಗಿದೆ, ಸುಳ್ಳು ಹೇಳಬಾರದು. ಅದೇ ಕಂಪನಿಯ ಅದೇ ನಂಬರನ್ನು ನಮ್ಮ ಹಾಲಿನ ಪೂರ್ವದ ಗೋಡೆಗೆ ಹೊಡೆಸಿದೆವು. ಪಕ್ಕದ ಉತ್ತರದ ಗೋಡೆಗೆ ಕ್ರೀಮ್. ಹಾಲಿನ ಕಿಟಕಿ ಇರುವುದು ಪಶ್ಚಿಮಕ್ಕೆ. ಬೆಳಗ್ಗೆ ಎರಡೂ ಗೋಡೆ ಪರವಾಗಿಲ್ಲ. ಸಂಜೆ ನಾಲ್ಕರ ಮೇಲೆ ಬಿಸಿಲು ಒಳಗೆ ಬಂದು ನೆಲಕ್ಕೆ ಬಿತ್ತು ನೋಡಿ, ಬೂದು ಗೋಡೆ ಸೊಂಟದೆತ್ತರದವರೆಗೆ ನೇರಳೆಗೆ ತಿರುಗಿತು. ಮೇಲೆ ಬೂದು, ಕೆಳಗೆ ಮಾಸಿದ ನೇರಳೆ. ಎರಡು ಬೇರೆ ಡಬ್ಬದ ಪೇಂಟ್ ಹೊಡೆದಿದ್ದೀರಾ ಎಂದು ಬಂದವರೆಲ್ಲ ಕೇಳಿದರು.

ಇದರಲ್ಲಿ ಮಾಯ ಏನೂ ಇಲ್ಲ. ಕೆಂಪು ನೆಲ ಉಳಿದ ಬಣ್ಣದ ಬೆಳಕನ್ನೆಲ್ಲ ಹೀರಿಕೊಂಡು ಹೆಚ್ಚಾಗಿ ಕೆಂಪನ್ನೇ ಗೋಡೆಗೆ ಎಸೆಯುತ್ತದೆ. ಬೂದಿಗೆ ತನ್ನದೆಂಬ ಬಣ್ಣ ಕಡಿಮೆ. ಯಾವ ಬೆಳಕು ಬಿದ್ದರೂ ಅದನ್ನೇ ತೋರಿಸುತ್ತದೆ. ಈಗ ಓಡುತ್ತಿರುವ ಬೂದು ಶೇಡುಗಳಲ್ಲಿ ತುಸು ನೀಲಿ ಬೆರೆತಿರುವುದು ಜಾಸ್ತಿ. ನೀಲಿಗೆ ಕೆಂಪು ಸೇರಿದರೆ ನೇರಳೆ ಆಗದೆ ಇನ್ನೇನಾಗಬೇಕು? ಕ್ರೀಮಿನಲ್ಲಿ ಇರುವುದು ಹಳದಿ. ಅದೇ ಕೆಂಪು ಬೆಳಕು ಬಿದ್ದಾಗ ಅದು ತಿಳಿ ಕಿತ್ತಳೆಗೆ ತಿರುಗುತ್ತದೆ. ಗೋಡೆ ಬೆಚ್ಚಗೆ ಕಾಣುತ್ತದೆ, ಯಾರೂ ಏನೂ ಕೇಳುವುದಿಲ್ಲ.

ಇನ್ನು ಬಲ್ಬಿನ ವಿಷಯ. ಎಲ್ಇಡಿ ಡಬ್ಬಿಯ ಮೇಲೆ 6500ಕೆ, 3000ಕೆ ಎಂದು ಬರೆದಿರುತ್ತದೆ. 6500 ಅಂದರೆ ಟ್ಯೂಬ್‌ಲೈಟಿನ ಬೆಳ್ಳನೆ ಬೆಳಕು, 3000 ಅಂದರೆ ಹಳೇ ಬಲ್ಬಿನ ಹಳದಿ ಬೆಳಕು. ನಮ್ಮ ಬೂದು ಗೋಡೆ ಮೊದಲನೆಯದರಲ್ಲಿ ಆಸ್ಪತ್ರೆ ವಾರ್ಡು, ಎರಡನೆಯದರಲ್ಲಿ ಕೊಳೆ ಹತ್ತಿದ ಕಂದು. ಕ್ರೀಮ್ ಕೂಡ 3000ದಲ್ಲಿ ಅತಿ ಹಳದಿ ಆಗುತ್ತದೆ, ಅದು ನಿಜ. ಕೊನೆಗೆ ನಡುವಿನ 4000ಕೆ ಬಲ್ಬ್ ಹಾಕಿದೆವು, ಕ್ರೀಮಿಗೆ ಅದು ಸರಿಹೋಯಿತು. ಬೂದಿಗೆ ಯಾವುದೂ ಸರಿಹೋಗಲಿಲ್ಲ. ಬಣ್ಣ ಆರಿಸುವ ಮೊದಲು ಬಲ್ಬ್ ಆರಿಸಿ ಎಂದು ಅಂಗಡಿಯವರು ಯಾಕೆ ಹೇಳುವುದಿಲ್ಲವೋ ಗೊತ್ತಿಲ್ಲ.

ಬೂದಿನ ಪರವಾಗಿ ಒಂದು ಮಾತು. ಮಕ್ಕಳ ಕೈ ಗುರುತು, ಜೇಡರ ಬಲೆಯ ಮಸಿ ಅದರ ಮೇಲೆ ಕಾಣುವುದಿಲ್ಲ. ಆದರೆ ಕುರ್ಚಿ ತಾಗಿ ಒಂದು ಗೀರು ಬಿದ್ದರೆ ಒಳಗಿನ ಬಿಳಿ ಪುಟ್ಟಿ ಎದ್ದು ಕಾಣುತ್ತದೆ. ಕ್ರೀಮಿನಲ್ಲಿ ಆ ಗೀರು ಹುಡುಕಬೇಕು. ನಮ್ಮೂರಿನ ಕೆಂಪು ಧೂಳು ಕ್ರೀಮಿನ ಮೇಲೆ ಅಷ್ಟಾಗಿ ತೋರುವುದೂ ಇಲ್ಲ. ಅಪ್ಪಟ ಬಿಳಿ ಮಾತ್ರ ಬೇಡವೇ ಬೇಡ, ಸ್ವಿಚ್‌ಬೋರ್ಡಿನ ಸುತ್ತ ಎರಡೇ ತಿಂಗಳಿಗೆ ಕಥೆ ಹೇಳುತ್ತದೆ. ಬಿಳಿ ಇರಲಿ, ಆದರೆ ಸೀಲಿಂಗಿಗೆ.

ಮಲಗುವ ಕೋಣೆಯಲ್ಲಿ ತಿಳಿ ನೀಲಿಗೂ ಪಿಸ್ತಾ ಹಸಿರಿಗೂ ಜಗಳ. ಈ ಕೋಣೆಗೆ ಇರುವುದು ಉತ್ತರದ ಕಿಟಕಿ ಒಂದೇ. ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ ಅಂತಾರೆ ಅಲ್ವಾ? ನಮ್ಮ ಕಡೆಗೆ ಆ ಮಾತು ಪೂರ್ತಿ ನಿಜವಲ್ಲ. ತುಮಕೂರು ಇರುವುದು ಉತ್ತರ ಅಕ್ಷಾಂಶ ಸುಮಾರು 13.3 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ, ಆಗಸ್ಟ್ ನಡುವಿನ ಹೊತ್ತಿಗೆ ಮತ್ತೆ ದಕ್ಷಿಣಕ್ಕೆ ಬರುತ್ತಾನೆ. ಆ ತಿಂಗಳುಗಳಲ್ಲಿ ನೀಲಿ ಚೆನ್ನಾಗಿಯೇ ಇತ್ತು. ಕಾರ್ತಿಕ ಬಂದು ಚಳಿ ಶುರುವಾಯಿತು, ಕೋಣೆಗೆ ಬರೀ ತಣ್ಣನೆ ಬೆಳಕು ಉಳಿಯಿತು. ನೀಲಿ ಸಪ್ಪಗಾಯಿತು. ಒಳಗೆ ಹೋದರೆ ಇನ್ನೊಂದು ಸ್ವೆಟರ್ ಹಾಕೋಣ ಅನ್ನಿಸುತ್ತಿತ್ತು. ಪಿಸ್ತಾದಲ್ಲಿ ಹಳದಿಯೂ ಇರುವುದರಿಂದ ಅದು ವರ್ಷವಿಡೀ ಒಂದೇ ಹದದಲ್ಲಿ ಇದೆ. ಅದಕ್ಕೂ ಕೆಂಪು ನೆಲದ ಕಾಟ ತಪ್ಪಿಲ್ಲ. ಹಸಿರಿಗೆ ಕೆಂಪು ಬೆಳಕು ಬಿದ್ದರೆ ಒಂದನ್ನೊಂದು ಅಳಿಸುತ್ತವೆ, ಗೋಡೆಯ ಬುಡ ಮಂಕಾಗುತ್ತದೆ. ನಮ್ಮಲ್ಲಿ ಆ ಎತ್ತರಕ್ಕೆ ಮಂಚ, ಬೀರು ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಖಾಲಿ ಗೋಡೆಯ ಕೋಣೆಗೆ ನಾನು ಪಿಸ್ತಾ ಹೇಳುವುದಿಲ್ಲ.

ಬಣ್ಣಕ್ಕಿಂತ ದೊಡ್ಡ ಪ್ರಶ್ನೆ ಹೊಳಪಿನದು. ಇದನ್ನು ಜನ ಯೋಚನೆ ಮಾಡುವುದೇ ಕಡಿಮೆ. ಅಂಗಡಿಯಲ್ಲಿ ಡಿಸ್ಟೆಂಪರ್, ಸಾಮಾನ್ಯ ಎಮಲ್ಷನ್, ತೊಳೆಯಬಹುದಾದ ದುಬಾರಿ ಎಮಲ್ಷನ್ ಎಂದು ಹೊಳಪು ಏರುತ್ತಾ ಹೋಗುವ ಮೂರು ಮೆಟ್ಟಿಲು ತೋರಿಸುತ್ತಾರೆ. ಮೇಲಿನ ಮೆಟ್ಟಿಲು ಹತ್ತಿದಷ್ಟೂ ಒಳ್ಳೆಯದು ಎಂಬ ಧಾಟಿಯಲ್ಲಿ ಮಾತು ಸಾಗುತ್ತದೆ. ಹಳೇ ಮನೆಗೆ ಈ ಲೆಕ್ಕ ಹೊಂದುವುದಿಲ್ಲ. ಹಾಲಿನ ಉತ್ತರದ ಗೋಡೆಯ ಅರ್ಧಕ್ಕೆ ಹೊಳಪಿನದು, ಅರ್ಧಕ್ಕೆ ಹೊಳಪಿಲ್ಲದ್ದು, ಎರಡೂ ಅದೇ ಕ್ರೀಮ್. ಎದುರಿಗೆ ನಿಂತು ನೋಡಿದರೆ ಹೊಳಪಿನದೇ ಚೆಂದ. ಸಂಜೆ ಪಕ್ಕದ ಕಿಟಕಿಯಿಂದ ಬೆಳಕು ಗೋಡೆಯನ್ನು ಸವರಿಕೊಂಡು ಬಂದಾಗ ನೋಡಬೇಕು. ಎಷ್ಟೋ ವರ್ಷದ ಹಿಂದೆ ಗಾರೆಯವರು ಕರಣೆ ಆಡಿಸಿದ ಅಲೆ, ವೈರಿಂಗಿಗೆ ಕೊರೆದು ಮುಚ್ಚಿದ ಗೆರೆ, ಮೊಳೆ ಕಿತ್ತ ತೂತು ತುಂಬಿದ ಉಬ್ಬು, ಒಂದೊಂದೂ ನೆರಳು ಬಿಟ್ಟುಕೊಂಡು ಎದ್ದು ನಿಲ್ಲುತ್ತದೆ. ಹೊಳಪಿಲ್ಲದ ಅರ್ಧದಲ್ಲಿ ಬೆಳಕು ಎಲ್ಲ ಕಡೆಗೂ ಚದುರಿ ಹೋಗುತ್ತದೆ, ಅಂಕುಡೊಂಕು ಅಡಗಿಬಿಡುತ್ತದೆ. ಹೊಳಪೇ ಬೇಕೆಂದರೆ ಪೂರ್ತಿ ಗೋಡೆಗೆ ಪುಟ್ಟಿ ಎಳೆದು, ಸ್ಯಾಂಡ್ ಪೇಪರ್ ತಿಕ್ಕಿ ಸಮ ಮಾಡಬೇಕು. ಅದರ ಕೂಲಿ ಪೇಂಟಿನ ದುಡ್ಡನ್ನು ಮೀರುತ್ತದೆ.

ಅಡುಗೆಮನೆಯಲ್ಲಿ ಮಾತ್ರ ತೊಳೆಯುವ ಎಮಲ್ಷನ್ ಗೆದ್ದಿತು, ಅದೂ ಸುಲಭವಾಗಿ. ಒಲೆಯ ಪಕ್ಕ ಒಂದು ತುಂಡು ಡಿಸ್ಟೆಂಪರ್ ಬಿಟ್ಟಿದ್ದೆವು. ಒಗ್ಗರಣೆಯ ಎಣ್ಣೆ ಸಿಡಿದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಎಣ್ಣೆಯ ಜೊತೆ ಬಣ್ಣವೂ ಬಟ್ಟೆಗೆ ಬಂತು. ಡಿಸ್ಟೆಂಪರಿನಲ್ಲಿ ಚಾಕ್ ಪುಡಿ ಜಾಸ್ತಿ, ಅಂಟು ಕಡಿಮೆ. ನೀರು ತಾಗಿದರೆ ಅದು ಬಿಟ್ಟುಕೊಡುತ್ತದೆ. ಎಮಲ್ಷನ್ ಒಣಗಿದರೆ ಪ್ಲಾಸ್ಟಿಕ್ಕಿನಂಥ ಪೊರೆ ಆಗುತ್ತದೆ, ಒರೆಸಿದರೆ ತಡೆಯುತ್ತದೆ. ಅರಿಶಿನದ ಕಲೆಗೆ ಮಾತ್ರ ಸೋಪು ಹಾಕಬೇಡಿ. ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಬೆರೆಸಿದ ಹಾಗೆ ಗೋಡೆ ಕೆಂಪಾಗುತ್ತದೆ, ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಬರೀ ನೀರಲ್ಲಿ ಒರೆಸಿ ಬಿಡಿ. ಬಿಸಿಲು ಬೀಳುವ ಜಾಗವಾದರೆ ಅರಿಶಿನ ತಾನಾಗಿ ಮಾಸುತ್ತದೆ.

ಹಿಂದಿನ ಕೋಣೆ ನಮ್ಮ ಮನೆಯ ಕಷ್ಟದ ಜಾಗ. ಬಚ್ಚಲಿಗೆ ಅಂಟಿಕೊಂಡಿದೆ. ಗೋಡೆಯ ಬುಡ ಯಾವಾಗಲೂ ಪಸೆ. ಹಿಂದೆ ಅಲ್ಲಿ ಪುಟ್ಟಿ ಹಾಕಿ ಎಮಲ್ಷನ್ ಹೊಡೆಸಿದ್ದರು. ಒಂದೇ ಮಳೆಗಾಲಕ್ಕೆ ಉಬ್ಬಿ, ಹಕ್ಕಳೆ ಹಕ್ಕಳೆಯಾಗಿ ಉದುರಿತು. ಒಂದು ಹಕ್ಕಳೆ ಎತ್ತಿ ನೋಡಿದರೆ ಹಿಂದೆ ಬೆಳ್ಳಗೆ ಉಪ್ಪು. ನೆಲದ ತೇವ ಗೋಡೆಯೊಳಗೆ ಏರಿ ಹೊರಗೆ ಹೋಗಲು ನೋಡುತ್ತದೆ, ಪೇಂಟಿನ ಪೊರೆ ತಡೆಯುತ್ತದೆ. ನೀರು ಆರಿದಾಗ ಅದರಲ್ಲಿದ್ದ ಉಪ್ಪು ಪೊರೆಯ ಹಿಂದೆ ಹರಳುಗಟ್ಟಿ ತಳ್ಳುತ್ತದೆ. ಮತ್ತೆ ಪೇಂಟ್ ಹೊಡೆದರೆ ಮತ್ತೆ ಅದೇ ಗತಿ.

ಈ ಸಲ ಅದನ್ನೆಲ್ಲ ಕೆರೆದು ಸುಣ್ಣ ಹೊಡೆಸಿದೆವು. ಸುಟ್ಟ ಸುಣ್ಣದ ಕಲ್ಲನ್ನು ಡ್ರಮ್ಮಿನಲ್ಲಿ ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬಾರದು. ಕಣ್ಣಿಗೆ ಸಿಡಿದರೆ ಬಹಳ ಅಪಾಯ. ಆರಿದ ಮೇಲೆ ಸೋಸಿ, ಅಂಟು, ಸ್ವಲ್ಪ ನೀಲಿ ಬೆರೆಸಿ ಹಚ್ಚುವುದು. ಮೊದಲ ಕೈ ಹಚ್ಚಿದಾಗ ಗೋಡೆ ಗೋಡೆಯ ಬಣ್ಣದಲ್ಲೇ ಇತ್ತು. ನನ್ನ ಮುಖ ನೋಡಿ ಪೇಂಟರ್ ನಕ್ಕರು. "ಅಕ್ಕಾ, ಈಗಲೇ ಮುಖ ಸಿಂಡರಿಸಬೇಡಿ. ಸುಣ್ಣ ಒಣಗಿದ ಮೇಲೆ ಬೆಳ್ಳಗಾಗುತ್ತೆ, ಎಮಲ್ಷನ್ ಒಣಗಿದ ಮೇಲೆ ಕಪ್ಪಗಾಗುತ್ತೆ. ಹಸಿಯಲ್ಲಿ ಯಾವುದನ್ನೂ ನಂಬಬಾರದು." ಅವರು ಹೇಳಿದ್ದು ಅಕ್ಷರಶಃ ನಿಜ. ಎಮಲ್ಷನ್ನಿನ ಅಂಟು ಹಸಿಯಿದ್ದಾಗ ಕುಡಿಯುವ ಹಾಲಿನ ಹಾಗೆ ಬೆಳ್ಳಗೆ, ಒಣಗಿದಾಗ ಪಾರದರ್ಶಕ. ಅದಕ್ಕೇ ಬಣ್ಣ ಒಂದು ಮಟ್ಟ ಗಾಢವಾಗುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಮತ್ತೆ ಸುಡುವ ಮೊದಲಿನ ಸುಣ್ಣದ ಕಲ್ಲೇ ಆಗುತ್ತದೆ. ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ತೇವ ಹೊರಗೆ ಹೋಗಬಹುದು. ಹಸಿ ಸುಣ್ಣದ ಖಾರಕ್ಕೆ ಬೂಷ್ಟೂ ಹತ್ತಿರ ಸುಳಿಯುವುದಿಲ್ಲ.

ಸುಣ್ಣ ಗೆದ್ದಿತು ಅಂದಮಾತ್ರಕ್ಕೆ ಮನೆ ಪೂರ್ತಿ ಹೊಡೆಸಿ ಎನ್ನುತ್ತಿಲ್ಲ. ಒರಗಿ ಕೂತರೆ ಬೆನ್ನೆಲ್ಲ ಬಿಳಿ. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಮತ್ತೊಂದು ಕೈ ಬೇಕೇ ಬೇಕು. ಎಮಲ್ಷನ್ ಇರುವ ಗೋಡೆಯ ಮೇಲೆ ಅದು ಹಿಡಿಯುವುದೂ ಇಲ್ಲ. ಪಸೆಯ ಮೂಲ ಹಾಗೇ ಇದೆ, ಬಚ್ಚಲಿನ ಪೈಪು ನೋಡಿಸಬೇಕು, ಅದು ಬೇರೆ ಮಾತು.

ಅದೇ ಕೋಣೆಯಲ್ಲಿ ಅತ್ತೆಯ ಒತ್ತಾಯಕ್ಕೆ ಗೋಡೆಯ ಬುಡಕ್ಕೆ ಒಂದು ಗೇಣು ಜಾಜಿನ ಪಟ್ಟೆ ಬಳಿಸಿದೆವು. ಹಳ್ಳಿ ಮನೆಗಳಲ್ಲಿ ಸುಣ್ಣದ ಕೆಳಗೆ ಕೆಮ್ಮಣ್ಣು ಬಳಿಯುತ್ತಾರಲ್ಲ, ಅದೇ. ಕೆಂಪು ನೆಲವೇ ಒಂದು ಗೇಣು ಗೋಡೆ ಹತ್ತಿದಂತೆ ಕಂಡಿತು. ನೆಲ ಒರೆಸುವ ಬಟ್ಟೆಯ ಕೊಳೆಯೂ ಕಾಣುವುದಿಲ್ಲ. ಇದಕ್ಕೆ ಎದುರಾಳಿಯಾಗಿ ಹಾಲಿನ ಒಂದು ಗೋಡೆಗೆ ಮಗಳು ಆರಿಸಿದ ನವಿಲು ನೀಲಿ ಹೊಡೆಸಿ, ಮಧ್ಯೆ ಫೋಟೋ ಫ್ರೇಮು ತೂಗುಹಾಕಿದೆವು. ಈಗಿನ ಭಾಷೆಯಲ್ಲಿ ಹೈಲೈಟ್ ಗೋಡೆ. ಫೋಟೋ ತೆಗೆದರೆ ಅದೇ ಚೆಂದ. ಆದರೆ ಗಾಢ ಬಣ್ಣ ಬೆರೆಸುವ ಮೂಲ ಪೇಂಟಿನಲ್ಲಿ ಅಡಿಯ ಬಣ್ಣ ಮುಚ್ಚುವ ಬಿಳಿ ಟೈಟಾನಿಯಂ ಪುಡಿ ಬಹಳ ಕಡಿಮೆ, ಹಳೇ ಗೋಡೆ ಮುಚ್ಚಲು ಒಂದು ಕೈ ಜಾಸ್ತಿ ಬೇಕು. ಧೂಳು ಬಿಳಿ ಪುಡಿಯಾಗಿ ಕಾಣುತ್ತದೆ. ಸಂಜೆಗೆ ಹಾಲು ಬೇಗ ಕತ್ತಲಾಗುತ್ತದೆ. ಚೆಂದ ಕಾಣಬೇಕು, ಖರ್ಚು ಕಡಿಮೆ ಇರಬೇಕು ಅಂದರೆ ನನ್ನ ಓಟು ಅತ್ತೆಯ ಪಟ್ಟೆಗೇ. ಮಗಳಿಗೆ ಈ ಮಾತು ಹೇಳಿಲ್ಲ.

ವಾಲ್‌ಪೇಪರ್ ಅಂಟಿಸಿದ್ದು ಒಂದು ಮೂಲೆಗೆ ಮಾತ್ರ. ಮಳೆಗಾಲದಲ್ಲಿ ಅಂಚು ಸುರುಳಿ ಬಿತ್ತು, ಅಲ್ಲಿಗೆ ಅದರ ಕಥೆ ಮುಗಿಯಿತು.

ಬಾಗಿಲು ಕಿಟಕಿಗೆ ಆಯಿಲ್ ಎನಾಮಲ್ಲೋ, ನೀರಿನ ಎನಾಮಲ್ಲೋ? ಆಯಿಲ್ ಗಟ್ಟಿ, ಹೊಳಪೂ ಜಾಸ್ತಿ. ಆದರೆ ಬಿಳಿ ಬಣ್ಣದ್ದು ಬೆಳಕಿಲ್ಲದ ಕಡೆ ಹಳದಿಯಾಗುತ್ತದೆ, ಬೀರುವಿನ ಹಿಂದಿನ ಕಿಟಕಿ ನೋಡಿದರೆ ಗೊತ್ತಾಗುತ್ತದೆ. ವಾಸನೆಯೂ ದಿನಗಟ್ಟಲೆ. ನೀರಿನದಕ್ಕೆ ಎರಡೂ ತಾಪತ್ರಯ ಇಲ್ಲ. ಬಿಳಿ ಬೇಕಿದ್ದರೆ ನೀರಿನದು, ಕಂದು ಬಣ್ಣಕ್ಕೆ ಆಯಿಲ್ಲೇ ಸಾಕು. ಹಳೇ ಬಾಗಿಲನ್ನು ಒಣಗಿಸಿಕೊಂಡು ಉಜ್ಜಬೇಡಿ. ಮನೆ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಪದರಗಳಲ್ಲಿ ಸೀಸ ಇರಬಹುದು. ನೀರು ಹಾಕಿಕೊಂಡು ಉಜ್ಜಿಸಿ, ಮೂಗಿಗೆ ಮಾಸ್ಕ್ ಹಾಕಿಸಿ, ಪುಟ್ಟ ಮಕ್ಕಳನ್ನು ಆ ದಿನ ಬೇರೆ ಕಡೆ ಕಳಿಸಿ.

ಹೊರಗೋಡೆಗೆ ಕಾವಿ, ಮಣ್ಣಿನ ಬಣ್ಣ, ಕಂದು ಇವು ಲೇಸು. ಇವುಗಳ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ನಮ್ಮ ನೆಲದಲ್ಲಿ, ಜಾಜಿನಲ್ಲಿ, ಹೊರಗಿನ ಕೆಂಪು ಮಣ್ಣಿನಲ್ಲಿ ಇರುವುದೂ ಅದೇ. ಬಿಸಿಲಿಗೆ ಮಾಸುವುದಿಲ್ಲ. ಎದುರು ಮನೆಯ ಪಳಪಳ ನಿಂಬೆ ಹಳದಿಯ ಪಶ್ಚಿಮದ ಗೋಡೆ ಈಗಲೇ ಬೆಳ್ಳಗಾಗಿದೆ.

ನೀವು ಹೊಡೆಸುವ ಮೊದಲು ಸ್ಯಾಂಪಲ್ ಡಬ್ಬ ತಂದು, ದೊಡ್ಡ ಡ್ರಾಯಿಂಗ್ ಹಾಳೆಗೆ ಎರಡು ಕೈ ಹಚ್ಚಿ, ಸುತ್ತ ಬಿಳಿ ಅಂಚು ಬಿಟ್ಟು, ನೆಲಕ್ಕೆ ತಾಗುವಂತೆ ಗೋಡೆಗೆ ಒರಗಿಸಿ. ಹಳೇ ಬಣ್ಣದ ಮೇಲೇ ಹಚ್ಚಿ ನೋಡಿದರೆ ಸುತ್ತಲಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಸಂಜೆ ಬಿಸಿಲಿಗೊಮ್ಮೆ, ರಾತ್ರಿ ಬಲ್ಬಿಗೊಮ್ಮೆ ನೋಡಿ. ಒಂದೇ ಬಣ್ಣಕ್ಕೆ ಎರಡು ಡಬ್ಬ ಬಂದರೆ ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಬೆರೆಸಲು ಹೇಳಿ, ಇಲ್ಲವಾದರೆ ಗೋಡೆಯ ನಡುವೆ ಗೆರೆ ಬೀಳಬಹುದು. ಶೇಡ್ ನಂಬರನ್ನು ಬೀರುವಿನ ಬಾಗಿಲ ಒಳಗಡೆ ಬರೆದಿಡಿ. ಸ್ಟೇನರ್, ಅಂದರೆ ಬಾಟಲಿಯ ಗಟ್ಟಿ ಬಣ್ಣ, ಹಾಕಿ ಕೈಯಲ್ಲೇ ಬೆರೆಸಿಕೊಡುತ್ತೇನೆ ಎಂದು ಪೇಂಟರ್ ಹೇಳಿದರೆ ಬೇಡ ಎನ್ನಿ. ಮುಂದೆ ಒಂದು ಗೀರು ಮುಚ್ಚಬೇಕಾದರೂ ಆ ಬಣ್ಣ ಮತ್ತೆ ಸಿಗುವುದಿಲ್ಲ.