ಗರಿ ಎಡಕ್ಕೋ, ಬಲಕ್ಕೋ? ಮೂರು ವರ್ಷ ಫ್ಲೆಚಿಂಗ್ ಜಿಗ್ ಬಳಸಿದ ಮೇಲೆ

ಬಾಣಕ್ಕೆ ಗರಿ ಅಂಟಿಸುವ ಈ ಜಿಗ್ ತಗೊಂಡು ಮೂರು ವರ್ಷ ದಾಟಿತು. ಒಂದು ಸಲಕ್ಕೆ ಒಂದೇ ಗರಿ ಹಿಡಿಯುವ, ಮ್ಯಾಗ್ನೆಟ್‌ಗೆ ಕಚ್ಚಿಕೊಳ್ಳುವ ಕ್ಲಾಂಪ್ ಇರುವ ಮಾದರಿ. ಒಂದು ಡಜನ್ ಬಾಣ ಮುಗಿಸಲು ಇಡೀ ಸಂಜೆ ಬೇಕು. ಆದರೆ ಮೂರು ಗರಿಯೂ ಒಂದೇ ಅಳತೆಗೆ ಕೂರುತ್ತವೆ. ಜಿಗ್ ಬಗ್ಗೆ ದೂರಿಲ್ಲ. ಎಡವಿದ್ದು ನಾನು, ಅದೂ ಕ್ಲಾಂಪ್ ಆರಿಸುವಾಗ.

ಕ್ಲಾಂಪ್‌ನಲ್ಲಿ ನೇರ, ಬಲ ಹೆಲಿಕಲ್, ಎಡ ಹೆಲಿಕಲ್ ಅಂತ ಮೂರು ತರ. ಹೆಲಿಕಲ್ ಅಂದರೆ ಗರಿಯನ್ನು ಬಾಣದ ಸುತ್ತ ಬಳಸಿದಂತೆ ಓರೆಯಾಗಿ ಕೂರಿಸೋದು; ಹಾರುವಾಗ ಬಾಣ ಆ ಕಡೆಗೆ ತಿರುಗುತ್ತದೆ. "ಎಲ್ರೂ ಬಲದ್ದೇ ತಗೊಳ್ತಾರೆ ಸರ್" ಅಂದರು ಅಂಗಡಿಯವರು. ನಾನೂ ತಗೊಂಡೆ. ಆರು ತಿಂಗಳಾದ ಮೇಲೆ ನಮ್ಮ ರೇಂಜ್‌ನ ಹಿರಿಯರೊಬ್ಬರು ಕೇಳಿದರು, "ನಿಮ್ಮ ಬಿಲ್ಲು ಬಾಣವನ್ನ ಯಾವ ಕಡೆ ತಿರುಗಿಸುತ್ತೆ, ನೋಡಿದ್ದೀರಾ?" ಗರಿಯೇ ಇಲ್ಲದಿದ್ದರೂ ಬಾಣ ತಿರುಗುತ್ತದೆ ಅನ್ನೋದು ನನಗೆ ಆಗಲೇ ಗೊತ್ತಾಗಿದ್ದು. ಸ್ಟ್ರಿಂಗ್‌ಗೆ ಹಾಕಿರುವ ಹುರಿಯಿಂದ ಹಾಗಾಗುತ್ತದೆ ಅಂತಾರೆ.

ಪರೀಕ್ಷೆ ಸುಲಭ. ಗರಿ ಇಲ್ಲದ ಬಾಣದ ನಾಕ್ (ಸ್ಟ್ರಿಂಗ್‌ಗೆ ಕೂರುವ ಹಿಂತುದಿ) ಹತ್ತಿರ ಬಿಳಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದೆ. ಗೆರೆ ಮೇಲಕ್ಕೆ ಬರುವಂತೆ ಹೂಡಿ, ಎರಡೇ ಮೀಟರ್ ದೂರದಿಂದ ಫೋಮ್‌ಗೆ ಬಿಟ್ಟೆ. ಗಡಿಯಾರದ 12ರಲ್ಲಿದ್ದ ಗೆರೆ 11ಕ್ಕೆ ಬಂದು ನಿಂತಿತ್ತು. ಹತ್ತು ಸಲ ಬಿಟ್ಟೆ, ಹತ್ತೂ ಸಲ ಎಡಕ್ಕೇ. (ಇನ್ನೂ ದೂರ ಹೋಗಬೇಡಿ. ಎಷ್ಟು ತಿರುಗಿತು ಅನ್ನೋ ಲೆಕ್ಕವೇ ತಪ್ಪುತ್ತದೆ.) ಅಂದರೆ ಎಡಕ್ಕೆ ಹೊರಟ ಬಾಣವನ್ನು ನನ್ನ ಗರಿಗಳು ತಡೆದು, ಮತ್ತೆ ಬಲಕ್ಕೆ ತಿರುಗಿಸುತ್ತಿದ್ದವು.

ಆ ವಾರವೇ ಎಡ ಹೆಲಿಕಲ್ ಕ್ಲಾಂಪ್ ತರಿಸಿದೆ. ಸ್ಕೋರ್ ಏರಿತಾ? ಇಲ್ಲ. 50 ಮೀಟರ್‌ನಲ್ಲಿ ಗುರಿಯ ನಡುವಿನ, ಹತ್ತು ಅಂಕದ ವೃತ್ತ ಅಂದರೆ 8 ಸೆಂಟಿಮೀಟರ್ ಅಗಲ. ಅಷ್ಟರೊಳಗೆ ಎಡ-ಬಲದ ವ್ಯತ್ಯಾಸ ಕಾಣಿಸುವಷ್ಟು ಚೆನ್ನಾಗಿ ನಾನು ಹೊಡೆಯಲ್ಲ, ಅಷ್ಟೇ.

ಕಂಡಿದ್ದು ಬೇರೆಯದೇ ತೊಂದರೆ. ನನ್ನ 50 ಮೀಟರ್ ಬಾಣಗಳು ತೀರಾ ತೆಳು. ಅವಕ್ಕೆ ಹೆಲಿಕಲ್ ಕ್ಲಾಂಪ್ ಒತ್ತಿದರೆ ಗರಿಯ ಬುಡ ಪೂರ್ತಿ ಕೂರಲ್ಲ. ಉಗುರು ಹಾಕಿದರೆ ಮುಂದಿನ ತುದಿ ಎದ್ದು ಬರುತ್ತದೆ. ಶಾಫ್ಟನ್ನು (ಬಾಣದ ಕಡ್ಡಿ) ಸ್ಯಾನಿಟೈಸರ್‌ನಿಂದ ಒರೆಸುತ್ತಿದ್ದುದು ಇನ್ನೊಂದು ದಡ್ಡತನ. ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಹಿಡಿಯಲ್ಲ. ಬರೀ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಈಗ ನೇರ ಕ್ಲಾಂಪನ್ನೇ ಜಿಗ್‌ನಲ್ಲಿ ಎರಡು ಡಿಗ್ರಿಯಷ್ಟು ಎಡಕ್ಕೆ ವಾಲಿಸಿ ಅಂಟಿಸುತ್ತೇನೆ. ಬುಡ ಪೂರ್ತಿ ಕೂರುತ್ತದೆ, ತಿರುಗುವಷ್ಟು ತಿರುಗುತ್ತದೆ. ಕೋನ ಬದಲಿಸಿದಾಗೆಲ್ಲ ಗರಿಯ ಅಂಚಿಗೆ ಲಿಪ್‌ಸ್ಟಿಕ್ ಸವರಿ ಒಂದು ಬಾಣ ಬಿಡಿ. ರೆಸ್ಟ್ (ಬಿಲ್ಲಿನಲ್ಲಿ ಬಾಣ ಕೂರುವ ಆಸರೆ) ಮೇಲೆ ಕೆಂಪು ಮೂಡಿದರೆ ಗರಿ ತಾಗುತ್ತಿದೆ ಅಂತ ಅರ್ಥ. ನನಗೆ ಮೂಡಿತ್ತು. ಗರಿ ತಾಗದಂತೆ ನಾಕ್ ಸ್ವಲ್ಪ ತಿರುಗಿಸಿದ ಮೇಲೆ ಗುರಿಯಲ್ಲಿ ಬಾಣಗಳ ಗುಂಪು ನಿಜಕ್ಕೂ ಚಿಕ್ಕದಾಯಿತು. ಎರಡು ಕ್ಲಾಂಪ್ ಕೊಟ್ಟಿರದ ಫಲ ಅದು.

ಹಾಗಂತ ಬಲದ ಕ್ಲಾಂಪ್ ದಂಡವಾಗಲಿಲ್ಲ. 18 ಮೀಟರ್‌ಗೆ ನಾನು ಬಳಸುವ ದಪ್ಪ ಬಾಣಗಳಲ್ಲಿ ಮೊನೆ ತಿರುಪಿನದು. ಎಡಕ್ಕೆ ತಿರುಗುವ ಬಾಣ ಬಟ್‌ಗೆ (ಗುರಿಯ ಹಿಂದಿನ ದಪ್ಪ ಹಲಗೆ) ಹೊಕ್ಕಾಗ ಮೊನೆ ನಿಲ್ಲುತ್ತದೆ, ಶಾಫ್ಟ್ ಇನ್ನೂ ತಿರುಗಲು ನೋಡುತ್ತದೆ, ತಿರುಪು ಸಡಿಲ. ಒಂದು ಸಲ ಬಾಣ ಕಿತ್ತರೆ ಮೊನೆ ಬಟ್‌ನೊಳಗೇ ಉಳಿಯಿತು. ಬಲಕ್ಕೆ ತಿರುಗಿದರೆ ಬಿಗಿಯಾಗುತ್ತದೆ. 50 ಮೀಟರ್ ಬಾಣಗಳಿಗೆ ಮೊನೆಯನ್ನು ಹಾಟ್ ಮೆಲ್ಟ್ (ಕಾಯಿಸಿ ಹಚ್ಚುವ ಅಂಟು) ಹಾಕಿ ಕೂರಿಸಿರುವುದರಿಂದ ಅವಕ್ಕೆ ಈ ಕಾಟವಿಲ್ಲ.

ಹೀಗಾಗಿ ದಪ್ಪ ಬಾಣಕ್ಕೆ ಬಲದ್ದು, ತೆಳುವಿಗೆ ನೇರದ್ದು. ಜ್ಞಾನೋದಯ ಆದ ಮೇಲೆ ಕೊಂಡ ಎಡದ್ದು ಡಬ್ಬಿಯಲ್ಲಿದೆ. ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡ್ತೀನಿ.