ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಯಲ್ಲಿ ಹರಿಹರ ಹುಡುಕಿದ್ದು

ದಾವಣಗೆರೆ ಮಂಡಿಪೇಟೆಯ ಅಂಗಡಿಯೊಂದರಲ್ಲಿ 30 ವರ್ಷ ಲೆಕ್ಕ ಬರೆದವನು ನಾನು. ರಸೀದಿ ಕೈಗೆ ಬಂದರೆ ಪೂರ್ತಿ ಓದದೆ ಬಿಡುವುದಿಲ್ಲ. ಮನೆ ಕಂದಾಯದ ರಸೀದಿಯಲ್ಲಿ ಆರೋಗ್ಯ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರ ಅಂತಲೂ ಒಂದು ಸಾಲು ಇರುತ್ತದೆ, ನೋಡಿದ್ದೀರಾ? ಕಂದಾಯದ ಮೇಲೆ ನೂರಕ್ಕೆ 6 ರೂಪಾಯಿ. ನನ್ನ 2,500ಕ್ಕೆ 150 ಆಯಿತು. 1965ರ ಗ್ರಂಥಾಲಯ ಕಾಯ್ದೆ ಹಾಕಿದ ಕರ ಇದು, ಊರಿನ ಲೈಬ್ರರಿಗಳಿಗೇ ಹೋಗಬೇಕು. ಕೊಟ್ಟ ಮೇಲೆ ವಸೂಲಿ ಮಾಡಬೇಕು ಅಲ್ವಾ?

ನಾನು ಹೋಗುವ ವಾಚನಾಲಯದಲ್ಲಿ ಪೇಪರ್ ಓದಿ ವಸೂಲಿ ಮಾಡಬಹುದು, ಅಷ್ಟೇ. ಹಳೆಯ ಪುಸ್ತಕದ ಬೀರುವಿಗೆ ಬೀಗ. ಕೀಲಿ ಇಟ್ಟುಕೊಂಡವರು ರಜೆ. ಮೂರು ಸಲ ಹೋದೆ, ಮೂರು ಸಲವೂ ರಜೆ.

ಹಳೆಯ ಪುಸ್ತಕ ಯಾಕೆ ಬೇಕಿತ್ತು ಅಂದರೆ, ಹರಿಹರದ ನಮ್ಮ ಬೀಗರ ಜೊತೆ ಒಂದು ಪಂದ್ಯ ಬಿದ್ದಿತ್ತು. ಹರಿಹರೇಶ್ವರ ಗುಡಿ ಕಟ್ಟಿಸಿದ್ದು ವಿಜಯನಗರದ ಹರಿಹರರಾಯ ಅಂತ ಅವರು. ಹೊಯ್ಸಳರ ಕಾಲದ್ದು ಅಂತ ನಾನು. ಸೋತವರು ಎರಡೂ ಮನೆಯವರಿಗೆ ಮೆಣಸಿನಕಾಯಿ ಮಂಡಕ್ಕಿ ಕೊಡಿಸಬೇಕು. ಫೋನಿನಲ್ಲಿ ತೋರಿಸಿದರೆ ಬೀಗರು ನಂಬುವವರಲ್ಲ. ಪುಸ್ತಕದಲ್ಲಿರಬೇಕು, ಅದೂ ಹಳೆಯದಿರಬೇಕು.

ರಾತ್ರಿ ಬಸ್ಸು ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಕಾಫಿ ಕುಡಿದು, ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದ ಮುಂದೆ ನಿಂತೆ. 1915ರ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಅಯ್ಯರ್ 1883ರಿಂದ 1901ರವರೆಗೆ ಮೈಸೂರಿನ ದಿವಾನರು. ಹಿರಿಯೂರಿನ ವಾಣಿವಿಲಾಸ ಸಾಗರದ ಕೆಲಸ ಶುರುವಾಗಿದ್ದು ಅವರ ಕಾಲದಲ್ಲೇ. ಹಾಗಾಗಿ ನಮ್ಮ ಕಡೆಯವರಿಗೂ ಅವರು ಪರಕೀಯರಲ್ಲ. ಲೈಬ್ರರಿ ಶುರುವಾಗುವ ಹೊತ್ತಿಗೆ ದಿವಾನರಾಗಿದ್ದವರು ವಿಶ್ವೇಶ್ವರಯ್ಯ.

ಒಳಗೆ ಸೂರು ಎತ್ತರ, ಗೋಡೆ ದಪ್ಪ, ಹೊರಗಿನ ಗಲಾಟೆ ಅಷ್ಟಾಗಿ ಕೇಳುವುದಿಲ್ಲ. ಪರೀಕ್ಷೆಗೆ ಓದುವ ಹುಡುಗರು ಜಾಸ್ತಿ. ನನ್ನ ವಯಸ್ಸಿನವರು ಪೇಪರಿನ ಹತ್ತಿರ. ನನಗೆ ಬೇಕಾಗಿದ್ದು ಬ್ರಿಟಿಷರ ಕಾಲದಲ್ಲಿ ನಮ್ಮ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ', 11ನೇ ಸಂಪುಟ, ಚಿತ್ರದುರ್ಗ ಜಿಲ್ಲೆಯ ಶಾಸನಗಳು. ನಮ್ಮ ಕಡೆ ಆಗ ಆ ಜಿಲ್ಲೆಗೇ ಸೇರಿತ್ತು. ಇಂಥ ಪುಸ್ತಕ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಒಳ್ಳೆಯದೇ. ಮನೆಗೆ ಕೊಟ್ಟಿದ್ದರೆ ನನ್ನಂಥವನ ಕೈಗೆ ಸಿಗುವವರೆಗೆ ಉಳಿಯುತ್ತಿತ್ತಾ?

ಹಾಳೆ ಮುಟ್ಟಿದರೆ ಪುಡಿಯಾಗುತ್ತದೇನೋ ಅಂತ ಭಯ. ಕನ್ನಡದಲ್ಲಿ ಶಾಸನದ ಪಾಠ, ಇಂಗ್ಲಿಷ್ ಅಕ್ಷರದಲ್ಲಿ ಅದೇ ಪಾಠ, ಇಂಗ್ಲಿಷ್ ಅನುವಾದ, ಮೂರೂ ಇವೆ. ಹರಿಹರ ಅಂತ ತಾಲ್ಲೂಕು ಹುಡುಕಿದೆ, ಇಲ್ಲ. ಅರ್ಧ ಗಂಟೆ ಸುಮ್ನೆ ಹೋಯಿತು. ಆಮೇಲೆ ಹೊಳೆಯಿತು: ಆಗ ಹರಿಹರದ ಶಾಸನಗಳನ್ನು ದಾವಣಗೆರೆ ತಾಲ್ಲೂಕಿನಲ್ಲಿ ಸೇರಿಸಿದ್ದಾರೆ! ಅಲ್ಲೇ ಸಿಕ್ಕಿತು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು, 1224ರ ಸುಮಾರಿಗೆ.

ನನ್ನ ಪ್ರಕಾರ ಈ ಲೈಬ್ರರಿಯ ದೊಡ್ಡ ಕೊರತೆ ಅದು ಬೆಂಗಳೂರಿನಲ್ಲಿರುವುದು. 2020ರಲ್ಲಿ ಇಲಾಖೆ ಡಿಜಿಟಲ್ ಲೈಬ್ರರಿ ಶುರು ಮಾಡಿದೆ, ಸದಸ್ಯರಾಗಲು ದುಡ್ಡಿಲ್ಲ. ಮೊಮ್ಮಗಳಿಗೆ ಅದು ಸಾಕು. ನನ್ನ ಕಣ್ಣಿಗೆ ಆ ಸಣ್ಣ ಪರದೆ ಆಗಿಬರುವುದಿಲ್ಲ. ಒಂದು ದಿನ ಕೈಯಲ್ಲಿದ್ದರೆ ಹೋಗಿ ಬನ್ನಿ. ಪುಸ್ತಕದ ಹೆಸರು, ಸಂಪುಟದ ಸಂಖ್ಯೆ ಬರೆದುಕೊಂಡೇ ಹೋಗಿ. "ಹಳೇ ಶಾಸನದ್ದು ಏನಾದರೂ ಕೊಡಿ" ಅಂದರೆ ಪಾಪ, ಅವರಾದರೂ ಏನು ಹುಡುಕಿಯಾರು?

ಹೊರಗೆ ಬಂದು ಮರದ ಕೆಳಗೆ ನಿಂತು ಫೋನ್ ಮಾಡಿದೆ. "ಬೀಗರೇ, ಗುಡಿ ಹೊಯ್ಸಳರದ್ದೇ. ಪುಸ್ತಕದಲ್ಲಿ ದಾವಣಗೆರೆ ತಾಲ್ಲೂಕು ಅನ್ನೋ ಕಡೆ ಇದೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಗುಡಿ ಯಾರದ್ದಾದರೂ ಇರಲಿ ಬಿಡ್ರಿ. ನಮ್ಮ ಹರಿಹರನ ನಿಮ್ಮ ತಾಲ್ಲೂಕಿಗೆ ಸೇರಿಸಿದವರು ಯಾರು?"