ಆಟೊಮನ್ ಕಾಲದ ಟರ್ಕಿಶ್ ಕಾದಂಬರಿಗಳ ಆನ್‌ಲೈನ್ ಕೋರ್ಸ್: ಸೇರಬಹುದಾ?

ಕಾದಂಬರಿ ಓದುವ ಹುಚ್ಚು ಇದ್ದರೆ ಖಂಡಿತ ಸೇರಿ. ಬರೀ ಯುದ್ಧ, ಸುಲ್ತಾನರ ಕಥೆ ಬೇಕು ಅನ್ನುವವರಿಗೆ ಅಷ್ಟು ರುಚಿಸಲಿಕ್ಕಿಲ್ಲ.

ಪಾಠ ಶುರುವಾಗುವುದು ಬರಹಗಾರ ನಮಿಕ್ ಕೆಮಾಲ್ ಅವರಿಂದ. 1873ರಲ್ಲಿ ಅವರ ದೇಶಭಕ್ತಿಯ ನಾಟಕ ನೋಡಿ ಇಸ್ತಾಂಬುಲ್ ಜನ ರೊಚ್ಚಿಗೆದ್ದಾಗ, ಸರ್ಕಾರ ಹೆದರಿ ಅವರನ್ನು ಸೈಪ್ರಸ್‌ಗೆ ಗಡೀಪಾರು ಮಾಡಿತು. ಅಲ್ಲಿದ್ದಾಗ ಬರೆದ ಕಾದಂಬರಿ 'ಇಂತಿಬಾಹ್' 1876ರಲ್ಲಿ ಹೊರಬಂತು. ಆಟೊಮನ್ ಸಾಮ್ರಾಜ್ಯಕ್ಕೆ ಸಂವಿಧಾನ ಬಂದದ್ದೂ ಅದೇ ವರ್ಷ. ಆದರೆ 1878ರಲ್ಲಿ ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಸಂಸತ್ತಿಗೆ ಬೀಗ ಹಾಕಿದ, 1908ರ ಕ್ರಾಂತಿಯವರೆಗೂ ಅದು ತೆರೆಯಲೇ ಇಲ್ಲ. ಇದನ್ನೆಲ್ಲ ಬೇಗ ಮುಗಿಸುತ್ತಾರೆ, ಒಳ್ಳೆಯದೇ ಆಯಿತು.

ಕೋರ್ಸಿನ ಜೀವ ಇರುವುದು ಅಬ್ದುಲ್ ಹಮೀದ್ ಕಾಲದ ಕಾದಂಬರಿಕಾರ ಹಾಲಿತ್ ಜಿಯಾ ಅವರ ಮೇಲಿನ ಪಾಠಗಳಲ್ಲಿ. ಅವರ 'ಮಾಯ್ ವೆ ಸಿಯಾಹ್' ಅಂದರೆ 'ನೀಲಿ ಮತ್ತು ಕಪ್ಪು'. ಅದರ ನಾಯಕ ಅಹ್ಮದ್ ಜಮೀಲ್ ಬಡ ಕವಿ, ಪತ್ರಿಕೆಯಲ್ಲಿ ದುಡಿಯುತ್ತಾನೆ. ಮೊದಲಿಗೆ ಇಸ್ತಾಂಬುಲ್‌ನ ತೆಪೆಬಾಷಿ ತೋಟದಲ್ಲಿ ನೀಲಿ ರಾತ್ರಿಯ ಆಕಾಶ ನೋಡುತ್ತಾ ದೊಡ್ಡ ಹೆಸರು ಮಾಡುವ ಕನಸು ಕಾಣುತ್ತಾನೆ, ಕೊನೆಗೆ ತನ್ನ ಕಾವ್ಯವನ್ನು ತಾನೇ ಸುಟ್ಟು, ಹಡಗು ಹತ್ತಿ ಕಪ್ಪು ರಾತ್ರಿಯಲ್ಲಿ ಊರು ಬಿಡುತ್ತಾನೆ. ಈ ಎರಡೂ ದೃಶ್ಯಗಳನ್ನು ಪಕ್ಕಪಕ್ಕ ಇಟ್ಟು, ಸಾಲು ಸಾಲಾಗಿ ಓದಿಸುತ್ತಾರೆ. ಇಲ್ಲಿ ಯಾರೂ ಸುಲ್ತಾನನನ್ನು ಬೈಯುವುದಿಲ್ಲ, ಸೆನ್ಸಾರ್ ಬಿಡುತ್ತಿರಲೂ ಇಲ್ಲ. ಆದರೂ ಒಂದಿಡೀ ತಲೆಮಾರಿನ ಉಸಿರು ಕಟ್ಟಿದ್ದು ಗೊತ್ತಾಗುತ್ತದೆ, ಅಲ್ವಾ?

ಅವರದೇ 'ಅಷ್ಕ್-ಇ ಮೆಮ್ನು' (ನಿಷಿದ್ಧ ಪ್ರೇಮ) ಪಾಠವೂ ಹಾಗೇ. ಕಥೆ ಬಹುಪಾಲು ಬೋಸ್ಫರಸ್ ದಂಡೆಯ ಒಂದು ಶ್ರೀಮಂತ ಮನೆಯೊಳಗೇ ನಡೆಯುತ್ತದೆ. ಹೊರಗೆ ಬಾಯಿ ಬಿಡುವಂತಿಲ್ಲದ ಕಾಲ, ಹಾಗಾಗಿ ಬರಹಗಾರರು ಮನೆಯೊಳಗಿನ ಆಸೆ, ಅಸೂಯೆಗಳನ್ನೇ ಇಷ್ಟು ಆಳವಾಗಿ ಬಗೆದರು ಅನ್ನುವುದು ಮೇಷ್ಟ್ರ ವಾದ. ನನಗೂ ಅದು ಒಪ್ಪಿಗೆಯಾಯಿತು. ಟಿವಿ ಸೀರಿಯಲ್ ಮಾತ್ರ ನೋಡಿದವರಿಗೆ ಇದು ಸಿಗುವುದಿಲ್ಲ, ಯಾಕೆಂದರೆ ಅದರಲ್ಲಿ ಕಥೆಯನ್ನು ಇವತ್ತಿನ ಇಸ್ತಾಂಬುಲ್‌ಗೆ ತಂದಿದ್ದಾರೆ.

ಈ ಕಾದಂಬರಿಗಳು ಧಾರಾವಾಹಿಯಾಗಿ ಬಂದ 'ಸೆರ್ವೆತ್-ಇ ಫುನೂನ್' ಪತ್ರಿಕೆಯ ಹಳೆ ಪುಟಗಳನ್ನು ಪರದೆ ಮೇಲೆ ತೋರಿಸುತ್ತಾರೆ. 1928ರಲ್ಲಿ ಟರ್ಕಿಶ್‌ಗೆ ರೋಮನ್ ಲಿಪಿ ಬರುವ ಮುಂಚಿನ ಅರಬ್ಬಿ ಲಿಪಿ, ನಡುವೆ ಚಿತ್ರಗಳು. ಸುಮ್ನೆ ನೋಡುತ್ತಾ ಕೂತರೂ ಖುಷಿಯಾಗುತ್ತದೆ. 1901ರಲ್ಲಿ ಫ್ರೆಂಚಿನಿಂದ ಅನುವಾದಿಸಿದ ಒಂದೇ ಒಂದು ಲೇಖನಕ್ಕಾಗಿ ಈ ಪತ್ರಿಕೆಯನ್ನು ಕೆಲಕಾಲ ನಿಲ್ಲಿಸಿದರು, ಬರಹಗಾರರ ಗುಂಪೂ ಚದುರಿತು. ಅದರಲ್ಲಿ ಬರುತ್ತಿದ್ದ ಹಾಲಿತ್ ಜಿಯಾ ಅವರ ಇನ್ನೊಂದು ಕಾದಂಬರಿ 'ಕಿರಿಕ್ ಹಯಾತ್‌ಲಾರ್' ಅರ್ಧಕ್ಕೇ ನಿಂತು, ಪುಸ್ತಕವಾಗಿ ಬರಲು 1924 ಆಗಬೇಕಾಯಿತು.

ನನ್ನ ದೊಡ್ಡ ದೂರು 1908ರ ನಂತರದ ಪಾಠದ ಬಗ್ಗೆ. ಸೆನ್ಸಾರ್ ಹೋಗಿ ಎಲ್ಲರೂ ಬಾಯಿಬಿಟ್ಟು ಬರೆಯಲು ಶುರುಮಾಡಿದ ಹೊತ್ತು ಅದು. 1912ರಲ್ಲಿ ಲೇಖಕಿ ಹಾಲಿದೆ ಎದಿಪ್ ತಮ್ಮ ಕಾದಂಬರಿ 'ಯೆನಿ ತುರಾನ್'ನಲ್ಲಿ ಮುಂದಿನ ದೇಶ ಹೇಗಿರಬೇಕು ಅಂತಲೇ ಕಲ್ಪಿಸಿಬಿಟ್ಟರು. ಅಂಥ ಪುಸ್ತಕಕ್ಕೆ ಕೊಟ್ಟದ್ದು ಪಾಠದ ಕೊನೆಯ ತುಣುಕು ಮಾತ್ರ. ಮೌನವನ್ನು ಅಷ್ಟು ಚೆನ್ನಾಗಿ ಓದಿಸಿದವರು ಈ ಮಾತಿಗೂ ಒಂದು ಪೂರ್ತಿ ಪಾಠ ಕೊಡಬೇಕಿತ್ತು.